ಮಹಾಕಾವ್ಯದ ಮೊದಲ ಪುಟದಲ್ಲಿರುವ ಮೇಷ್ಟ್ರು

ಮಕ್ಕಳೇ, ನಮ್ಮ ಕನ್ನಡ ಕೂಟದ ಈ ಸಲದ ರಾಜ್ಯೋತ್ಸವದಲ್ಲಿ ನೀವೆಲ್ಲ ವೇದಿಕೆ ಹತ್ತಿ ಕುವೆಂಪು ಅವರ ಬಗ್ಗೆ ಮಾತಾಡಿದಿರಿ. ಕುಪ್ಪಳಿ, ರಾಷ್ಟ್ರಕವಿ, ಜ್ಞಾನಪೀಠ, ನಾಡಗೀತೆ, ಯಾವುದನ್ನೂ ಬಿಡಲಿಲ್ಲ. ಈ ಪರದೇಶದಲ್ಲೇ ಹುಟ್ಟಿ ಬೆಳೆದ ನಿಮ್ಮ ಬಾಯಲ್ಲಿ ಆ ಹೆಸರು ಕೇಳಿದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜ ಅಜ್ಜಿಯರ ಮುಖ ನೋಡಬೇಕಿತ್ತು! ಆ ಹೆಸರಿನ ಜೊತೆಗೆ ಇನ್ನೊಂದು ಹೆಸರನ್ನೂ ನೀವು ಕಲಿಯಬೇಕು ಎಂಬುದು ನನ್ನ ಆಸೆ. ಟಿ.ಎಸ್. ವೆಂಕಣ್ಣಯ್ಯ. ತಳುಕಿನ ಸುಬ್ಬಣ್ಣನವರ ಮಗ ವೆಂಕಣ್ಣಯ್ಯ.

ಈ ಹೆಸರು ನಿಮಗೆ ಸಿಗುವುದು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದ ಆರಂಭದಲ್ಲೇ. ಸುಮಾರು 22,000 ಸಾಲುಗಳ ಕಾವ್ಯ ಅದು. ರಾಮ, ಸೀತೆ, ಹನುಮಂತ ಎಲ್ಲರೂ ಬರುವುದಕ್ಕೆ ಮೊದಲು ಒಬ್ಬ ಮೇಷ್ಟ್ರು ಬರುತ್ತಾರೆ. ಕುವೆಂಪು ಆ ಕಾವ್ಯವನ್ನು ಅರ್ಪಿಸಿದ್ದು ರಾಜರಿಗಲ್ಲ, ಮಂತ್ರಿಗಳಿಗಲ್ಲ, ತಮಗೆ ಪಾಠ ಹೇಳಿದ ವೆಂಕಣ್ಣಯ್ಯನವರಿಗೆ. ಅರ್ಪಣೆ ಎಂದರೆ ಒಂದು ಸಾಲು ಬರೆದು ಬಿಟ್ಟಿದ್ದಲ್ಲ, ಅದೇ ಒಂದು ಕವಿತೆ. ‘ಗುರುಗಳೇ, ಮುಗಿಸಿ ತಂದಿದ್ದೇನೆ’ ಎಂದು ಶಿಷ್ಯ ಎದುರಿಗೆ ನಿಂತು ಮಾತಾಡಿದ ಹಾಗಿದೆ.

ಆದರೆ ಆ ಗುರುಗಳು ಎದುರಿಗೆ ಇರಲಿಲ್ಲ. ಕುವೆಂಪು ಈ ಕಾವ್ಯ ಬರೆಯಲು ಕೂತದ್ದು 1936ರಲ್ಲಿ. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಕಾವ್ಯ ಮುಗಿದದ್ದು 1946ರಲ್ಲಿ. ಪ್ರೀತಿಯ ಮೇಷ್ಟ್ರು ಹೋದ ಮೇಲೂ ಏಳು ವರ್ಷ ಬರೆದು, ಕೊನೆಗೆ ಅದನ್ನು ಅವರ ಹೆಸರಿಗೇ ಒಪ್ಪಿಸಿದರು. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ವೆಂಕಣ್ಣಯ್ಯನವರು ಹುಟ್ಟಿದ್ದು 1885ರಲ್ಲಿ. ತಳುಕು ಇರುವುದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ, ಬಳ್ಳಾರಿಗೆ ಹೋಗುವ ದಾರಿಯಲ್ಲಿ. ನಾನು ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿದ್ದೇನೆ. ಮಳೆ ಕಡಿಮೆ, ಬಿಸಿಲು ಜಾಸ್ತಿ, ಕಣ್ಣು ಹಾಯಿಸಿದಷ್ಟೂ ಕಡಲೆಕಾಯಿ ಹೊಲ. ಕಂಡಕ್ಟರು ‘ತಳುಕು, ತಳುಕು’ ಎಂದು ಕೂಗಿದಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಊರು ನೋಡಿದೆ. ಇಂಥ ಒಣ ನೆಲದ ಒಂದೇ ಮನೆಯಿಂದ ಕನ್ನಡಕ್ಕೆ ಎಷ್ಟು ಜನ ಬಂದರು ನೋಡಿ. ವೆಂಕಣ್ಣಯ್ಯನವರ ತಮ್ಮ ತ.ಸು. ಶಾಮರಾಯರು ಕನ್ನಡ ಪ್ರಾಧ್ಯಾಪಕರು. ‘ಮೂರು ತಲೆಮಾರು’ ಎಂಬ ಪುಸ್ತಕದಲ್ಲಿ ತಮ್ಮ ಮನೆತನದ ಕಥೆಯನ್ನೆಲ್ಲ ಬರೆದಿದ್ದಾರೆ. ಇನ್ನೊಬ್ಬ ತಮ್ಮನ ಮಗ ತ.ರಾ. ಸುಬ್ಬರಾಯರು, ನಾವೆಲ್ಲ ತರಾಸು ಎಂದು ಕರೆಯುವವರು. ‘ನಾಗರಹಾವು’ ಸಿನಿಮಾ ನಿಮ್ಮ ಅಪ್ಪ ಅಮ್ಮ ನಿಮಗೆ ತೋರಿಸಿರಬೇಕು. ತೋರಿಸದಿದ್ದರೆ ಇವತ್ತೇ ಕೇಳಿ. ರಾಮಾಚಾರಿ, ಚಾಮಯ್ಯ ಮೇಷ್ಟ್ರು, ಚಿತ್ರದುರ್ಗದ ಕೋಟೆ ಎಲ್ಲ ಬಂದದ್ದು ತರಾಸು ಕಾದಂಬರಿಗಳಿಂದ.

ಆ ತರಾಸು ಹುಡುಗನಾಗಿದ್ದಾಗ ದೊಡ್ಡಪ್ಪ ವೆಂಕಣ್ಣಯ್ಯನವರು ಒಂದು ಕಥೆ ಬರೆ ನೋಡೋಣ ಎಂದು ಪಂಥ ಕಟ್ಟಿದರಂತೆ. ಹುಡುಗ ‘ಪುಟ್ಟನ ಚೆಂಡು’ ಎಂಬ ಕಥೆ ಬರೆದ. ದೊಡ್ಡಪ್ಪ ಐದು ರೂಪಾಯಿ ಕೊಟ್ಟರು. ಆಗಿನ ಕಾಲಕ್ಕೆ ಐದು ರೂಪಾಯಿ ಸಣ್ಣ ಹಣವಲ್ಲ. ವಿಶ್ವವಿದ್ಯಾನಿಲಯದ ಕನ್ನಡ ಪ್ರಾಧ್ಯಾಪಕರು, ಹಳಗನ್ನಡದ ದೊಡ್ಡ ವಿದ್ವಾಂಸರು, ಮನೆಯ ಹುಡುಗನ ಚೆಂಡಿನ ಕಥೆಗೆ ಸಮಯ ಕೊಟ್ಟು, ಓದಿ, ಸೋತೆ ಎಂದು ದುಡ್ಡು ಎಣಿಸಿದ್ದಾರೆ. ಇಷ್ಟೇ ಗೊತ್ತಾದರೂ ಅವರು ಎಂಥವರು ಎಂಬುದು ನಿಮಗೆ ತಿಳಿಯುತ್ತದೆ.

ಆಗ ಕಾಲೇಜುಗಳಲ್ಲಿ ಕನ್ನಡಕ್ಕೆ ಬೆಲೆ ಕಡಿಮೆ. ದೊಡ್ಡ ಓದು ಎಂದರೆ ಇಂಗ್ಲಿಷಿನಲ್ಲಿ, ದೊಡ್ಡ ಕೆಲಸವೂ ಇಂಗ್ಲಿಷಿನಲ್ಲೇ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ಊರೂರು ತಿರುಗಿ ಕನ್ನಡ ಕಟ್ಟೋಣ ಬನ್ನಿ ಎಂದು ಕರೆಯುತ್ತಿದ್ದ ಕಾಲ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲೇ ಆರಂಭವಾದರೂ ಕನ್ನಡದಲ್ಲಿ ಎಂ.ಎ. ತರಗತಿ ತೆರೆದದ್ದು 1927ರಲ್ಲಿ. ಆ ಹೊಸ ತರಗತಿಗೆ ಮಲೆನಾಡಿನಿಂದ ಬಂದಿದ್ದ ಪುಟ್ಟಪ್ಪ ಎಂಬ ತರುಣ ಸೇರಿದ, ಅವನೇ ಮುಂದಿನ ಕುವೆಂಪು. ಎಳೆತನದಲ್ಲೇ ತಂದೆಯನ್ನು ಕಳೆದುಕೊಂಡವನು, ಮೈಸೂರಿನ ರಾಮಕೃಷ್ಣ ಆಶ್ರಮದಲ್ಲಿ ಇದ್ದುಕೊಂಡು ಓದುತ್ತಿದ್ದವನು. ಆ ತರಗತಿಯಲ್ಲಿ ಅವನಿಗೆ ಸಿಕ್ಕ ಗುರು ವೆಂಕಣ್ಣಯ್ಯ. 1929ರಲ್ಲಿ ಎಂ.ಎ. ಮುಗಿಸಿದ ಪುಟ್ಟಪ್ಪನವರು ತಾವು ಓದಿದ ಮೈಸೂರಿನ ಮಹಾರಾಜಾ ಕಾಲೇಜಿನಲ್ಲೇ ಅಧ್ಯಾಪಕರಾದರು. ನಿನ್ನೆ ಪಾಠ ಹೇಳಿದವರ ಜೊತೆಗೇ ಇವತ್ತು ಕೆಲಸ. ಮುಂದೆ ಅದೇ ವಿಶ್ವವಿದ್ಯಾನಿಲಯಕ್ಕೆ ಕುವೆಂಪು ಕುಲಪತಿಗಳೂ ಆದರು, ಅದರ ಮಾನಸಗಂಗೋತ್ರಿ ಆವರಣವನ್ನು ಕಟ್ಟಿದರು. ಅದನ್ನು ನೋಡಲು ವೆಂಕಣ್ಣಯ್ಯನವರು ಉಳಿದಿರಲಿಲ್ಲ.

ವೆಂಕಣ್ಣಯ್ಯನವರ ಹೆಸರು ಹೇಳಿದರೆ ಎ.ಆರ್. ಕೃಷ್ಣಶಾಸ್ತ್ರಿಗಳ ಹೆಸರನ್ನು ಬಿಡುವ ಹಾಗಿಲ್ಲ. ‘ವಚನ ಭಾರತ’ ಬರೆದವರು ಅವರು. ಇಲ್ಲಿಯ ಎಷ್ಟೋ ಮನೆಗಳ ಕಪಾಟಿನಲ್ಲಿ ಆ ಪುಸ್ತಕ ನೋಡಿದ್ದೇನೆ. ಇವರಿಬ್ಬರನ್ನೂ ಕನ್ನಡದ ಅಶ್ವಿನೀದೇವತೆಗಳು ಎಂದು ಜನ ಕರೆಯುತ್ತಿದ್ದರು. ಅಶ್ವಿನೀದೇವತೆಗಳು ನಿಮಗೆ ಗೊತ್ತಲ್ಲ, ದೇವಲೋಕದ ವೈದ್ಯರು, ಅವಳಿಗಳು, ಒಬ್ಬರನ್ನು ಬಿಟ್ಟು ಒಬ್ಬರಿಲ್ಲ. ಇಬ್ಬರೂ ಸೇರಿ ರಾಮಕೃಷ್ಣ ಪರಮಹಂಸರ ಚರಿತ್ರೆ ಬರೆದರು. ಇಬ್ಬರೂ ಸೇರಿ ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ವಿದ್ಯಾರ್ಥಿಗಳು ಓದುವ ಹಾಗೆ ಸಂಗ್ರಹಿಸಿ ಕೊಟ್ಟರು.

ರಾಘವಾಂಕನ ಮಾತು ಬಂದ ಮೇಲೆ ಸುಮ್ಮನೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಹಂಪೆಯಲ್ಲಿ ಹರಿಹರ ಎಂಬ ದೊಡ್ಡ ಕವಿ ಇದ್ದ. ಶಿವನನ್ನು, ಶಿವನ ಭಕ್ತರನ್ನು ಬಿಟ್ಟು ಬೇರೆ ಯಾರನ್ನೂ ಹಾಡಿದವನಲ್ಲ. ಅವನ ಸೋದರಳಿಯ ರಾಘವಾಂಕ, ಅಳಿಯನೂ ಹೌದು ಶಿಷ್ಯನೂ ಹೌದು. ಈ ಹುಡುಗ ಸತ್ಯಕ್ಕಾಗಿ ರಾಜ್ಯ ಬಿಟ್ಟು, ಹೆಂಡತಿ ಮಗನನ್ನು ಮಾರಿ, ಕೊನೆಗೆ ಸುಡುಗಾಡು ಕಾಯಲು ನಿಂತ ಹರಿಶ್ಚಂದ್ರ ರಾಜನ ಕಥೆಯನ್ನು ಷಟ್ಪದಿಯಲ್ಲಿ ಬರೆದು ತಂದ. ಷಟ್ಪದಿ ಎಂದರೆ ಆರು ಸಾಲಿನ ಪದ್ಯ, ಓದಿದರೆ ಹಾಡಿನ ಹಾಗೆ ಕುಣಿಯುತ್ತದೆ. ಮನುಷ್ಯನ ಮೇಲೆ ಕಾವ್ಯ ಬರೆದೆಯಾ ಎಂದು ಮಾವನಿಗೆ ಕೋಪ ಬಂತು. ಹೊಡೆದ ಪೆಟ್ಟಿಗೆ ಅಳಿಯನ ಐದು ಹಲ್ಲು ಉದುರಿದವು. ಆಮೇಲೆ ಅವನು ಶಿವಭಕ್ತರ ಮೇಲೆ ಒಂದೊಂದು ಕಾವ್ಯ ಬರೆದಾಗಲೂ ಒಂದೊಂದು ಹಲ್ಲು ವಾಪಸು ಬಂತು. ಹೀಗೆಂದು ಹಿಂದಿನವರು ಕಥೆ ಹೇಳುತ್ತಾರೆ. ಹಲ್ಲು ಬಂದದ್ದು ನಿಜವೋ ಅಲ್ಲವೋ ಬೇರೆ ಮಾತು, ಹರಿಶ್ಚಂದ್ರ ಕಾವ್ಯ ಮಾತ್ರ ಇವತ್ತಿಗೂ ಉಳಿದಿದೆ. ಆ ಕಾವ್ಯವನ್ನು ನಮ್ಮ ಕಾಲದವರ ಕೈಗೆ ಇಟ್ಟವರು ಶಿಷ್ಯರನ್ನು ಮಕ್ಕಳ ಹಾಗೆ ನೋಡಿಕೊಂಡ ವೆಂಕಣ್ಣಯ್ಯನವರು, ಅವರ ಗೆಳೆಯ ಕೃಷ್ಣಶಾಸ್ತ್ರಿಗಳು ಎಂಬುದು ನನಗೆ ತುಂಬ ಇಷ್ಟ.

ಈಗ ತಂದೆತಾಯಿಗಳಿಗೆ ಎರಡು ಮಾತು.

ವೆಂಕಣ್ಣಯ್ಯನವರ ಹೆಸರನ್ನು ನನ್ನ ಮನಸ್ಸಿನಲ್ಲಿ ಊರಿದವರು ನಮ್ಮ ರಾಯರು. ಈ ಚಳಿಗಾಲದಲ್ಲಿ ನಾವು ಕಳೆದುಕೊಂಡದ್ದು ಅವರನ್ನು. ನಿಮ್ಮಲ್ಲಿ ಬಹಳ ಜನರಿಗೆ ಅವರು ಕೂಟದ ಹಿರಿಯರು, ಮಕ್ಕಳಿಗೆ ಮೇಷ್ಟ್ರು ತಾತ. ನನಗೆ ಅವರು ಕೆಲಸದಲ್ಲಿ ಮೇಲಿನವರು, ಬೀದಿಯಲ್ಲಿ ಪಕ್ಕದ ಮನೆಯವರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನಗೆ ಬಾಯಿ ಬರಲಿಲ್ಲ, ರಾಯರೇ ಎಂದೇ ಕರೆದೆ. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಮೀಟಿಂಗುಗಳಲ್ಲಿ ಬಾಯಿ ಬಿಡಲು ಹೆದರುತ್ತಿದ್ದೆ. ರಾಯರು ಒಮ್ಮೆಯೂ ನನ್ನ ಪರವಾಗಿ ಮಾತಾಡಲಿಲ್ಲ. ಅದರ ಬದಲು ಹಿಂದಿನ ದಿನ ಸಂಜೆ ತಮ್ಮ ಅಡುಗೆಮನೆಯ ಮೇಜಿನ ಹತ್ತಿರ ಕೂರಿಸಿ, ನಾಳೆ ಏನು ಹೇಳುತ್ತೀಯೋ ಈಗ ನನಗೆ ಹೇಳು ಎನ್ನುತ್ತಿದ್ದರು. ಪೂರ್ತಿ ಕೇಳುತ್ತಿದ್ದರು. ಮಧ್ಯೆ ಬಾಯಿ ಹಾಕುತ್ತಿರಲಿಲ್ಲ. ಮುಗಿದ ಮೇಲೆ, ಈ ಒಂದು ಮಾತನ್ನು ಮೊದಲೇ ಹೇಳಿಬಿಡು ಎಂದು ಒಂದೇ ಒಂದು ತಿದ್ದುಪಡಿ. ಅಷ್ಟೊತ್ತಿಗೆ ಅವರ ಮನೆಯವರು ಹುಳಿ, ಅನ್ನ, ಹಪ್ಪಳ ಬಡಿಸಿರುತ್ತಿದ್ದರು.

ಮಂಡ್ಯದಲ್ಲಿ ನಮ್ಮ ತಂದೆ ತೀರಿಕೊಂಡಾಗ ನಾನು ಹೊರಡುವ ಮೊದಲೇ ಅಲ್ಲಿ ಎಲ್ಲ ಮುಗಿದುಹೋಗಿತ್ತು. ಇಲ್ಲಿರುವ ನಮ್ಮೆಲ್ಲರಿಗೂ ಗೊತ್ತಿರುವ ಸಂಕಟ ಅದು, ವಿವರಿಸಬೇಕಾಗಿಲ್ಲ. ಆ ರಾತ್ರಿ ರಾಯರು ನಮ್ಮ ಮನೆಗೆ ಬಂದರು. ಬಾಗಿಲಿನ ಮುಂದಿನ ಹಿಮ ತೆಗೆದರು, ಒಳಗೆ ಬಂದು ಪಕ್ಕದಲ್ಲಿ ಕೂತರು. ಸಮಾಧಾನದ ಮಾತು ಆಡಲಿಲ್ಲ. ನಿಮ್ಮ ತಂದೆ ಏನು ಕೆಲಸದಲ್ಲಿದ್ದರು, ಯಾವ ಊರು, ಏನು ಇಷ್ಟ ಎಂದು ಕೇಳುತ್ತಾ ಹೋದರು. ಬೆಳಗಿನ ಜಾವದವರೆಗೆ ನನ್ನಿಂದ ಮಾತಾಡಿಸಿದರು. ಅವತ್ತೇ ಅವರು ವೆಂಕಣ್ಣಯ್ಯನವರ ಅರ್ಪಣೆಯ ವಿಷಯ ತೆಗೆದದ್ದು. ಹೋದವರಿಗೆ ಹೇಳಬೇಕಾದದ್ದನ್ನು ಹೋದ ಮೇಲೂ ಹೇಳಬಹುದು, ಕುವೆಂಪು ಹೇಳಿದ್ದಾರೆ ಎಂದರು. ಮರುದಿನ ಪುಸ್ತಕ ತಂದು ಓದಿದರು. ಅವರು ಮೈಸೂರಿನವರು, ಒಂಟಿಕೊಪ್ಪಲಿನ ಕುವೆಂಪು ಮನೆ ‘ಉದಯರವಿ’ಯ ಮುಂದೆ ಸೈಕಲ್ಲಿನಲ್ಲಿ ಓಡಾಡಿದವರು. ಅವರ ಓದಿನಲ್ಲಿ ಆ ಹಳಗನ್ನಡದ ಛಾಯೆಯ ಸಾಲುಗಳು ಮನೆಮಾತಿನಷ್ಟು ಸಲೀಸಾಗಿ ಬರುತ್ತಿದ್ದವು.

ರಾಯರು ಏನನ್ನೂ ಬರೆದವರಲ್ಲ, ಯಾವ ಪದಕವೂ ಬರಲಿಲ್ಲ. ವೆಂಕಣ್ಣಯ್ಯನವರೂ ಅಷ್ಟೆ, ಅವರ ವಿದ್ವತ್ತಿಗೆ ಹೋಲಿಸಿದರೆ ಅವರು ಬರೆದದ್ದು ಕಡಿಮೆ. ಟ್ಯಾಗೋರರ ‘ಪ್ರಾಚೀನ ಸಾಹಿತ್ಯ’ವನ್ನು ಕನ್ನಡಕ್ಕೆ ತಂದರು, ಹಳೆಯ ಕಾವ್ಯಗಳನ್ನು ಸಂಪಾದಿಸಿದರು. ಉಳಿದ ಹೊತ್ತೆಲ್ಲ ಪಾಠಕ್ಕೆ, ಶಿಷ್ಯರಿಗೆ, ತಮ್ಮಂದಿರಿಗೆ, ಮನೆಯ ಮಕ್ಕಳಿಗೆ ಹೋಯಿತು. ಸಾಹಿತ್ಯ ಚರಿತ್ರೆಯನ್ನು ಪುಸ್ತಕಗಳ ಪಟ್ಟಿ ಮಾಡಿ ಕಲಿಸಿದರೆ ಇಂಥವರು ಪಟ್ಟಿಯ ಆಚೆ ಬೀಳುತ್ತಾರೆ. ನಮ್ಮ ರಸಪ್ರಶ್ನೆಯಲ್ಲಿ ಜ್ಞಾನಪೀಠ ಬಂದ ವರ್ಷ ಕೇಳುತ್ತೇವೆ. ಮಕ್ಕಳು 1967 ಎನ್ನುತ್ತಾರೆ, ಚಪ್ಪಾಳೆ ತಟ್ಟುತ್ತೇವೆ. ಕುವೆಂಪು ಅವರಿಗೆ ಪಾಠ ಹೇಳಿದವರು ಯಾರು, ತರಾಸು ಕೈಗೆ ಮೊದಲ ಸಂಭಾವನೆ ಕೊಟ್ಟವರು ಯಾರು ಎಂದೂ ಕೇಳೋಣ. ನಮ್ಮ ಮಕ್ಕಳಿಗೆ ಕನ್ನಡ ಓದಲು ಬರುತ್ತದೆ, ಓದಿದ್ದನ್ನು ಕೇಳುವವರು ಮನೆಯಲ್ಲಿ ಬೇಕು. ಭಾನುವಾರ ಕನ್ನಡ ತರಗತಿಗೆ ಬಿಟ್ಟು ಕಾರು ತಿರುಗಿಸಿಕೊಂಡು ಅಂಗಡಿಗೆ ಹೋಗುವ ನಾವೆಲ್ಲ ವಾರಕ್ಕೊಂದು ಸಂಜೆ ಅವರ ಎದುರಿಗೆ ಕೂತು ಒಂದು ಪುಟ ಕೇಳಬೇಕು. ರಾಯರು ಕೇಳುತ್ತಿದ್ದರು. ತಪ್ಪು ಓದಿದ ಮಗುವಿಗೂ, ಇನ್ನೊಂದು ಸಲ ಓದಪ್ಪ, ಚೆನ್ನಾಗಿದೆ ಎನ್ನುತ್ತಿದ್ದರು. ಈಗ ಆ ಕುರ್ಚಿಯಲ್ಲಿ ನಾವು ಕೂರಬೇಕು, ಬೇರೆ ಯಾರೂ ಇಲ್ಲ.

ಮಕ್ಕಳೇ, ಮತ್ತೆ ನಿಮ್ಮ ಹತ್ತಿರ ಬಂದೆ. ಬೇಸಿಗೆ ರಜೆಗೆ ಊರಿಗೆ ಹೋದಾಗ ಮೈಸೂರಿನಲ್ಲಿ ಅರಮನೆ, ಮೃಗಾಲಯ ನೋಡುತ್ತೀರಿ. ಒಂದು ಬೆಳಗ್ಗೆ ಮಹಾರಾಜಾ ಕಾಲೇಜಿಗೂ ಕರೆದುಕೊಂಡು ಹೋಗಿ ಎಂದು ಹೇಳಿ. ವೆಂಕಣ್ಣಯ್ಯನವರು, ಕುವೆಂಪು ಇಬ್ಬರೂ ಪಾಠ ಹೇಳಿದ ಜಾಗ ಅದು. ಚಿತ್ರದುರ್ಗದ ಕೋಟೆಗೆ ಹೋಗುವವರು ಇನ್ನೂ ಸ್ವಲ್ಪ ದೂರ ಹೋದರೆ ಚಳ್ಳಕೆರೆ ದಾಟಿ ತಳುಕು ಸಿಗುತ್ತದೆ.

ಯುಗಾದಿ ಕಾರ್ಯಕ್ರಮದಲ್ಲಿ ರಾಯರ ನೆನಪಿಗೆ ನಾವು ಭಾಷಣ ಇಟ್ಟುಕೊಂಡಿಲ್ಲ. ‘ಶ್ರೀ ರಾಮಾಯಣ ದರ್ಶನಂ’ನ ಅರ್ಪಣೆಯನ್ನು ನೀವು ಮಕ್ಕಳು ಸೇರಿ ಓದಬೇಕು. ಕಷ್ಟದ ಪದಗಳಿವೆ, ಹೆದರಬೇಡಿ. ತರಗತಿ ಮುಗಿದ ಮೇಲೆ ಅರ್ಧ ಗಂಟೆ ಉಳಿದರೆ ಬಿಡಿಸಿ ಹೇಳಿಕೊಡುತ್ತೇನೆ. ರಾಯರ ಮನೆಯವರು ಅವರ ಪ್ರತಿಯನ್ನು ಕೂಟದ ಪುಸ್ತಕ ಭಂಡಾರಕ್ಕೆ ಕೊಟ್ಟಿದ್ದಾರೆ, ಅದರಿಂದಲೇ ಓದೋಣ. ಬೈಂಡು ಸಡಿಲವಾಗಿದೆ, ಪುಟ ತಿರುಗಿಸುವಾಗ ಜೋಪಾನ. ಮನೆಯಲ್ಲಿ ಅಭ್ಯಾಸ ಮಾಡುವವರು ಹೆಸರು ಕೊಟ್ಟರೆ ಆ ಪುಟಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೊಡುತ್ತೇನೆ.