ಅನ್ನವನ್ನೂ ವಿಷವನ್ನೂ ಇತ್ತ ವಿಜ್ಞಾನಿ: ಫ್ರಿಟ್ಜ್ ಹೇಬರ್

ಗಾಳಿಯಿಂದ ಗೊಬ್ಬರವನ್ನು ತೆಗೆದು ಲೋಕಕ್ಕೆ ಅನ್ನವಿತ್ತ ಮೇಧಾವಿಯೇ ಅದೇ ಗಾಳಿಗೆ ವಿಷವನ್ನು ಬೆರೆಸಿದನೆಂಬುದು ವಿಜ್ಞಾನದ ಇತಿಹಾಸದ ದಾರುಣ ಸಂಗತಿ. ಆತನೇ ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರಿಟ್ಜ್ ಹೇಬರ್.

ಹೇಬರನು 1868ರ ಡಿಸೆಂಬರ್ 9ರಂದು ಬ್ರೆಸ್ಲಾವ್ ನಗರದ ಯೆಹೂದ್ಯ ವರ್ತಕನೊಬ್ಬನ ಮಗನಾಗಿ ಜನಿಸಿದನು. ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡನು. ಕಾರ್ಲ್ಸ್‌ರೂಹೆಯಲ್ಲಿ ಪ್ರಾಧ್ಯಾಪಕನಾಗಿದ್ದಾಗ, 1909ರಲ್ಲಿ, ಗಾಳಿಯ ಸಾರಜನಕವನ್ನು ಜಲಜನಕದೊಡನೆ ಅಧಿಕ ಒತ್ತಡದಲ್ಲಿ ಕೂಡಿಸಿ ಅಮೋನಿಯಾವನ್ನು ಪಡೆದು ತೋರಿಸಿದನು. ಕಾರ್ಲ್ ಬಾಷನು ಆ ವಿಧಾನವನ್ನು ಕಾರ್ಖಾನೆಗೆ ಅಳವಡಿಸಿದನು. ಇಂದು ಕೋಟ್ಯಂತರ ಜನರ ಆಹಾರವು ಅದನ್ನೇ ಅವಲಂಬಿಸಿದೆ.

1914ರಲ್ಲಿ ಮಹಾಯುದ್ಧವು ಆರಂಭವಾಯಿತು. ಆ ಆಗಸ್ಟ್‌ನಲ್ಲಿಯೇ ಫ್ರೆಂಚರು ಅಶ್ರುವಾಯುವನ್ನು ಪ್ರಯೋಗಿಸಿದರು. ಕಣ್ಣು, ಮೂಗು, ಗಂಟಲುಗಳನ್ನು ಉರಿಸುವ ಈ ದ್ರವ್ಯವು ಬಯಲಿನಲ್ಲಿ ಸಾಮಾನ್ಯವಾಗಿ ಪ್ರಾಣವನ್ನು ತೆಗೆಯದು. 1915ರ ಜನವರಿಯಲ್ಲಿ ಜರ್ಮನರು ಬೊಲಿಮೂವ್‌ನಲ್ಲಿ ರಷ್ಯನ್ನರ ಮೇಲೆ ಅಂತಹುದೇ ಗುಂಡುಗಳನ್ನು ಎಸೆದರು. ಕೊರೆಯುವ ಚಳಿಯಲ್ಲಿ ಅದು ಆವಿಯಾಗದೆ ವ್ಯರ್ಥವಾಯಿತು. ಆದರೆ ಒಮ್ಮೆ ತೆರೆದ ಬಾಗಿಲು ಮತ್ತೆ ಮುಚ್ಚಲಿಲ್ಲ. ಹೇಬರನು ಕ್ಲೋರಿನ್ನನ್ನು ಆರಿಸಿದನು. ಅದೇ ವರ್ಷ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಸುಮಾರು 150 ಟನ್ ಅನಿಲವನ್ನು ಗಾಳಿಯೊಡನೆ ಹರಿಯಬಿಡಲಾಯಿತು. ಕಣ್ಣೀರಿನಿಂದ ಮೊದಲಾದುದು ಸಾವಿನಲ್ಲಿ ಮುಗಿಯಿತು.

ಮೇ 2ರಂದು, ಸ್ವತಃ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ಆತನ ಪತ್ನಿ ಕ್ಲಾರಾ, ಪತಿಯ ಪಿಸ್ತೂಲಿನಿಂದಲೇ ಪ್ರಾಣತ್ಯಾಗ ಮಾಡಿದಳು. ಹೇಬರನು ಬಹುಬೇಗನೆ ಪೂರ್ವದ ರಣರಂಗಕ್ಕೆ ತೆರಳಿದನು.

ಅಮೋನಿಯಾ ಸಂಶೋಧನೆಗಾಗಿ 1918ರ ನೊಬೆಲ್ ಪಾರಿತೋಷಕವು ಆತನಿಗೆ ಸಂದಿತು. ಆದರೆ ಯಾವ ದೇಶಕ್ಕಾಗಿ ಸರ್ವಸ್ವವನ್ನೂ ಒಪ್ಪಿಸಿದ್ದನೋ ಆ ದೇಶವೇ 1933ರಲ್ಲಿ ಯೆಹೂದ್ಯರನ್ನು ಹೊರದೂಡಿತು. ತನ್ನ ಸಂಸ್ಥೆಯ ಯೆಹೂದ್ಯ ಸಹೋದ್ಯೋಗಿಗಳನ್ನು ವಜಾ ಮಾಡಲೊಪ್ಪದೆ ಹೇಬರನು ರಾಜೀನಾಮೆಯಿತ್ತನು. 1934ರ ಜನವರಿ 29ರಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ತೀರಿಕೊಂಡನು.

ದುರಂತವು ಅಲ್ಲಿಗೂ ಮುಗಿಯಲಿಲ್ಲ. ಆತನ ಸಂಸ್ಥೆಯ ಸಂಶೋಧನೆಗಳಿಂದ ಬೆಳೆದ ಕೀಟನಾಶಕವೇ ಜೈಕ್ಲಾನ್-ಬಿ. ಬಳಸುವವರು ಎಚ್ಚರಗೊಳ್ಳಲೆಂದು ಅದಕ್ಕೆ ಕಣ್ಣೀರು ತರಿಸುವ ದ್ರವ್ಯವನ್ನು ಬೆರೆಸುತ್ತಿದ್ದರು. ನಾಜಿಗಳು ಆ ಎಚ್ಚರಿಕೆಯನ್ನು ತೆಗೆಸಿ ಮನುಷ್ಯರ ಮೇಲೆಯೇ ಅದನ್ನು ಬಳಸಿದರು. ಅವರ ಶಿಬಿರಗಳಲ್ಲಿ ಮಡಿದವರಲ್ಲಿ ಹೇಬರನ ಬಂಧುಗಳೂ ಇದ್ದರು.

1993ರ ರಾಸಾಯನಿಕ ಅಸ್ತ್ರಗಳ ಒಪ್ಪಂದವು ಅಶ್ರುವಾಯುವನ್ನು ಯುದ್ಧದಲ್ಲಿ ನಿಷೇಧಿಸಿತು; ಗುಂಪು ಚದುರಿಸಲು ಪೊಲೀಸರಿಗೆ ಮಾತ್ರ ಅವಕಾಶವನ್ನು ಉಳಿಸಿತು. ಸೌಮ್ಯವೆಂದು ಕರೆಯಲಾಗುವ ಆಯುಧವೂ ಎಲ್ಲಿಗೆ ದಾರಿಮಾಡಿಕೊಡಬಲ್ಲದೆಂಬುದಕ್ಕೆ ಹೇಬರನ ಬಾಳು ಸಾಕ್ಷಿ. ಮಕ್ಕಳಿಗೆ ಸೂತ್ರಗಳನ್ನು ಕಲಿಸುವ ನಾವು ಅವುಗಳ ಹೊಣೆಯನ್ನೂ ಕಲಿಸಿದಾಗಲೇ ವಿದ್ಯಾದಾನವು ಪೂರ್ಣವಾದೀತು.