ಶಹಜಾದಾ ಗುಲಾಂ ಮುಹಮ್ಮದ್: ಸಿಂಹಾಸನವಿಲ್ಲದ ವಾರಸುದಾರ

ನಂದಿಬೆಟ್ಟಕ್ಕೆ ಹೋದವರು ಟಿಪ್ಪು ಸುಲ್ತಾನರ ಬೇಸಿಗೆ ಮನೆಯನ್ನು ನೋಡದೆ ಇಳಿಯುವುದಿಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಮಕ್ಕಳಿಗಂತೂ ಶಾಲೆಯಿಂದ ಹೋಗುವ ಮೊದಲ ಪ್ರವಾಸವೇ ಅಲ್ಲಿಗೆ. ಹಾಗೆ ಕರೆದೊಯ್ದಿದ್ದಾಗ ಒಬ್ಬ ಹುಡುಗ ನನ್ನನ್ನು ಕೇಳಿದ: ಸುಲ್ತಾನರು ಶಹೀದರಾದರು ಸರಿ, ಅವರ ಮಕ್ಕಳು ಏನಾದರು? ನಮ್ಮ ಸಭೆಗಳಲ್ಲಿ ಟಿಪ್ಪುವಿನ ಕೊನೆಯ ದಿನದವರೆಗೆ ಭಾವಾವೇಶದಿಂದ ಮಾತಾಡುತ್ತೇವೆ. ಮರುದಿನದ ಕಥೆಯನ್ನು ಯಾರೂ ಹೇಳುವುದಿಲ್ಲ. ಆ ಮಕ್ಕಳಲ್ಲೊಬ್ಬರಾದ ಗುಲಾಂ ಮುಹಮ್ಮದ್ ಸಾಹೇಬರ ಬಾಳನ್ನು ಇಲ್ಲಿ ಹೇಳುತ್ತೇನೆ.

ನಂದಿದುರ್ಗವನ್ನು ಇಂಗ್ಲಿಷರು ಮುತ್ತಿಗೆ ಹಾಕಿ 1791ರ ಅಕ್ಟೋಬರಿನಲ್ಲಿ ವಶಪಡಿಸಿಕೊಂಡರು. ಮರುವರ್ಷದ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಸುಲ್ತಾನರು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಜೊತೆಗೆ ಅಬ್ದುಲ್ ಖಾಲಿಕ್ ಮತ್ತು ಮುಇಝುದ್ದೀನ್ ಎಂಬ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳುಹಿಸಿದರು. ಆ ಮಕ್ಕಳು 1794ರಲ್ಲಿ ತಂದೆಯ ಕೈಸೇರಿದ್ದು ನಮ್ಮ ಪಕ್ಕದ ದೇವನಹಳ್ಳಿಯಲ್ಲಿ, ಸುಲ್ತಾನರು ಹುಟ್ಟಿದ ಊರಿನಲ್ಲಿ. ಅದರ ಮರುವರ್ಷ, 1795ರಲ್ಲಿ, ಗುಲಾಂ ಮುಹಮ್ಮದ್ ಹುಟ್ಟಿದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮಗುವಿಗೆ ನಾಲ್ಕು ವರ್ಷ. ಹಿರಿಯ ಮಗ ಫತೇಹ್ ಹೈದರ್ ಶರಣಾದರು. ಗದ್ದುಗೆಗೆ ಅವರೇ ಸಹಜ ಹಕ್ಕುದಾರರು, ಆದರೆ ಗದ್ದುಗೆಯೇ ಉಳಿದಿರಲಿಲ್ಲ. ರಾಜ್ಯದ ಒಂದು ಭಾಗವನ್ನು ಕಂಪೆನಿ ಇಟ್ಟುಕೊಂಡಿತು, ಒಂದು ಭಾಗ ನಿಜಾಮನಿಗೆ ಹೋಯಿತು, ಉಳಿದುದಕ್ಕೆ ಒಡೆಯರ್ ವಂಶದ ಐದು ವರ್ಷದ ಮುಮ್ಮಡಿ ಕೃಷ್ಣರಾಜರನ್ನು ಅರಸರನ್ನಾಗಿ ಮಾಡಲಾಯಿತು. ಫರಾಇಝ್ ಪಾಠ ಮಾಡುವಾಗ ನನಗೆ ಇದು ನೆನಪಾಗುತ್ತದೆ. ಮನೆ, ಹೊಲ, ಒಡವೆ ಎಲ್ಲಕ್ಕೂ ಅಲ್ಲಿ ಪಾಲು ಗೊತ್ತುಮಾಡಿದೆ. ಸಿಂಹಾಸನಕ್ಕೆ ಯಾವ ಪಾಲೂ ಇಲ್ಲ.

ಸುಲ್ತಾನರ ಕುಟುಂಬವನ್ನು ವೆಲ್ಲೂರು ಕೋಟೆಗೆ ಸಾಗಿಸಿದರು. ಪಿಂಚಣಿ ಇತ್ತು, ಸೇವಕರಿದ್ದರು, ಹೊರಗೆ ಹೋಗುವ ಸ್ವಾತಂತ್ರ್ಯ ಇರಲಿಲ್ಲ. ಗಡ್ಡ ಬೋಳಿಸಬೇಕು, ಹಣೆಯ ನಾಮ ಅಳಿಸಬೇಕು, ಹೊಸ ಬಗೆಯ ಟೋಪಿ ಧರಿಸಬೇಕು ಎಂಬ ಅಪ್ಪಣೆಗಳಿಂದ ಕೋಟೆಯ ಹಿಂದೂ ಮುಸ್ಲಿಂ ಸಿಪಾಯಿಗಳು ಕುದಿಯುತ್ತಿದ್ದರು. 1806ರ ಜುಲೈ 9ರಂದು ಸುಲ್ತಾನರ ಮಗಳೊಬ್ಬಳ ಮದುವೆ ನಡೆಯಿತು. ಮರುದಿನ ಬೆಳಕು ಹರಿಯುವ ಮೊದಲೇ ಸಿಪಾಯಿಗಳು ದಂಗೆಯೆದ್ದು, ಕೋಟೆಯ ಮೇಲೆ ಟಿಪ್ಪುವಿನ ಬಾವುಟ ಏರಿಸಿ, ಫತೇಹ್ ಹೈದರರನ್ನು ಅರಸರೆಂದು ಸಾರಿದರು. ಆರ್ಕಾಟಿನಿಂದ ಬಂದ ಕುದುರೆಪಡೆ ಅದೇ ದಿನ ಕೋಟೆಯನ್ನು ಹಿಂದಕ್ಕೆ ಪಡೆಯಿತು. ನೂರಾರು ಸಿಪಾಯಿಗಳು ಹತರಾದರು. ಏಳು ವರ್ಷಗಳ ಹಿಂದೆ ಅಳಿದ ರಾಜ್ಯ ಕೆಲವು ಗಂಟೆಗಳ ಕಾಲ ಮರಳಿ ಬಂದಿತ್ತು. ಹನ್ನೊಂದು ವರ್ಷದ ಗುಲಾಂ ಮುಹಮ್ಮದ್ ಆಗ ಅದೇ ಕೋಟೆಯಲ್ಲಿದ್ದರು.

ಇದಾದ ಮೇಲೆ ಇವರನ್ನು ದಕ್ಷಿಣದಲ್ಲಿ ಬಿಡುವುದೇ ಅಪಾಯವೆಂದು ಕಂಪೆನಿಗೆ ತೋರಿತು. ಕುಟುಂಬವನ್ನು ಕಲ್ಕತ್ತಾದ ಟಾಲಿಗಂಜ್ ಕಡೆಗೆ ಕಳುಹಿಸಿದರು. ಆಗ ಅದು ಊರ ಹೊರಗಿನ ಜಾಗ.

ಅಲ್ಲಿ ಗುಲಾಂ ಮುಹಮ್ಮದ್ ಮಾಡಿದ್ದೇನು? ಕತ್ತಿ ಹಿಡಿಯಲಿಲ್ಲ, ಅರ್ಜಿ ಬರೆದರು. ಬಾಕಿ ಉಳಿದಿದ್ದ ಪಿಂಚಣಿ 1840ರಲ್ಲಿ ಮಂಜೂರಾಯಿತು. ಆ ಸಂದರ್ಭದ ಸ್ಮರಣೆಗೆ 1842ರಲ್ಲಿ ಧರ್ಮತಲಾದಲ್ಲಿ ಒಂದು ಮಸೀದಿ ಕಟ್ಟಿಸಿದರು. ಕಲ್ಕತ್ತಾಕ್ಕೆ ಹೋದ ನಮ್ಮವರು ಅದನ್ನು ಟಿಪ್ಪುವೇ ಕಟ್ಟಿಸಿದ್ದೆಂದು ಹೇಳಿಕೊಂಡು ಬರುವುದುಂಟು. ಅಲ್ಲ, ಅದು ಮಗನದು. ಅಲ್ಲಿಯ ಶಿಲಾಶಾಸನದಲ್ಲಿ ಅಲ್ಲಾಹನಿಗೆ ಕೃತಜ್ಞತೆಯಿದೆ. ಬಾಕಿ ಹಣ ಕೊಟ್ಟ ಕಂಪೆನಿಯ ನಿರ್ದೇಶಕರ ಸ್ಮರಣೆಯೂ ಇದೆ. ತಂದೆಯನ್ನು ಕೊಂದವರ ಹೆಸರು ಮಗನ ಮಸೀದಿಯ ಕಲ್ಲಿನಲ್ಲಿ! ಮೊದಲ ಸಲ ಇದನ್ನು ತಿಳಿದಾಗ ನನಗೆ ನಾಚಿಕೆಯೇ ಆಯಿತು. ಈಗ ಅಷ್ಟು ಬೇಗ ತೀರ್ಪು ಕೊಡಲಾರೆ. ನಾಲ್ಕನೆಯ ವಯಸ್ಸಿನಿಂದ ಕಾವಲಿನಲ್ಲೇ ಬೆಳೆದವರು, ಒಂದು ದಂಗೆಗೆ ಎಷ್ಟು ಹೆಣ ಬಿದ್ದವೆಂದು ಬಲ್ಲವರು, ಕೈಗೆ ಬಂದ ಹಣದಲ್ಲಿ ಅಲ್ಲಾಹನ ಮನೆ ಕಟ್ಟಿದರು. ಆದರೂ ಆ ಸಾಲು ಅಲ್ಲಿ ಇರದಿದ್ದರೆ ಚೆನ್ನಾಗಿತ್ತು.

ತಂದೆಯನ್ನು ಅವರು ಮರೆತಿರಲಿಲ್ಲ. ಹೈದರ್ ಮತ್ತು ಟಿಪ್ಪು ಕುರಿತು ಫ್ರೆಂಚ್ ಅಧಿಕಾರಿಯೊಬ್ಬ ಬರೆದಿದ್ದ ಚರಿತ್ರೆಯನ್ನು ತಿದ್ದಿ 1855ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಮುಖಪುಟದಲ್ಲಿ ತಮ್ಮನ್ನು ಟಿಪ್ಪುವಿನ ಬದುಕುಳಿದ ಏಕೈಕ ಪುತ್ರನೆಂದು ಕರೆದುಕೊಂಡರು. ಅದೇ ದಶಕದಲ್ಲಿ ಇಂಗ್ಲೆಂಡಿಗೂ ಹೋಗಿ ಬಂದರು.

1857ರಲ್ಲಿ ದಂಗೆಯೆದ್ದ ಸಿಪಾಯಿಗಳು ದೆಹಲಿಯಲ್ಲಿ ಬಹಾದುರ್ ಶಾ ಝಫರರನ್ನು ಮುಂದಿಟ್ಟುಕೊಂಡರು. ಅದರ ಬೆಲೆ ಭಾರಿಯಾಯಿತು: ಮಕ್ಕಳನ್ನು ಗುಂಡಿಟ್ಟು ಕೊಂದರು, ಮುದುಕರಾದ ಬಾದಶಹರನ್ನು ರಂಗೂನಿಗೆ ಅಟ್ಟಿದರು. ಕಲ್ಕತ್ತಾದ ಮೈಸೂರು ಮನೆತನ ಆಗ ಮೌನವಾಗಿತ್ತು. ವೆಲ್ಲೂರನ್ನು ಕಂಡವರಿಗೆ ಆ ಮೌನ ಅರ್ಥವಾಗುತ್ತದೆ.

ಅತ್ತ ಗದ್ದುಗೆ ಸಿಕ್ಕಿದ ಮಗುವೇನು ಸುಖಪಟ್ಟಿತೇ? 1831ರಲ್ಲಿ ಇಂಗ್ಲಿಷರು ಮುಮ್ಮಡಿಯವರಿಂದ ಆಡಳಿತವನ್ನು ಕಿತ್ತುಕೊಂಡರು. ಕಮಿಷನರ್ ಕಬ್ಬನ್ ಸಾಹೇಬರು ನಮ್ಮ ನಂದಿಬೆಟ್ಟದ ಮೇಲೆಯೇ ಬೇಸಿಗೆ ಬಂಗಲೆ ಮಾಡಿಕೊಂಡರು. ರಾಜ್ಯ ಮರಳಿಸಿರೆಂದು ಮುಮ್ಮಡಿಯವರೂ ಅರ್ಜಿಯ ಮೇಲೆ ಅರ್ಜಿ ಬರೆದರು. ಅದು ಕೈಗೆ ಬಾರದೆಯೇ 1868ರಲ್ಲಿ ತೀರಿಕೊಂಡರು. 1881ರಲ್ಲಿ ಅವರ ದತ್ತುಪುತ್ರನಿಗೆ ಅಧಿಕಾರ ಸಿಕ್ಕಿತು. ಒಂದು ವರ್ಷದ ಅಂತರದ ಈ ಇಬ್ಬರೂ ಜೀವಮಾನದ ಬಹುಭಾಗವನ್ನು ಒಂದೇ ಕಚೇರಿಯ ಬಾಗಿಲು ನೋಡುತ್ತ ಕಳೆದರು.

ಗುಲಾಂ ಮುಹಮ್ಮದರಿಗೆ 1870ರಲ್ಲಿ ಸರ್ ಪದವಿ ಬಂತು. 1872ರ ಆಗಸ್ಟ್ 11ರಂದು, 77ನೆಯ ವಯಸ್ಸಿನಲ್ಲಿ, ಅವರು ಕಲ್ಕತ್ತಾದಲ್ಲಿ ನಿಧನರಾದರು. ಅವರ ಹೆಸರಿನ ವಕ್ಫ್ ಇಂದಿಗೂ ಅಲ್ಲಿದೆ. ಅದೇ ನಗರದಲ್ಲಿ ಸುಲ್ತಾನರ ವಂಶಸ್ಥರು ರಿಕ್ಷಾ ತುಳಿದು ಬದುಕುತ್ತಿದ್ದಾರೆಂದು ಪತ್ರಿಕೆಗಳು ಹಲವು ಬಾರಿ ಬರೆದಿವೆ. ಬೆಟ್ಟ ಇಳಿಯುವಾಗ ಆ ಹುಡುಗನಿಗೆ ಇಷ್ಟನ್ನು ಹೇಳಿದೆ. ರಿಕ್ಷಾದ ಮಾತು ಬಂದಾಗ ಅವನು ನಂಬಲಿಲ್ಲ.