ಚಿತ್ರಗಾರ್ತಿ ಬೆರ್ತ್ ಮೊರಿಸೋ

ನಮ್ಮ ಶಾಲೆಯ ಪುಸ್ತಕಭಂಡಾರದ ಬಾಗಿಲ ಪಕ್ಕದ ಗೋಡೆಯ ಮೇಲೆ ಈಚೆಗೆ ಒಂದು ಚಿತ್ರವನ್ನು ತೂಗುಹಾಕಿದ್ದೇವೆ. ಪೂರ್ವವಿದ್ಯಾರ್ಥಿನಿಯರು ಕೂಡಿ ಕೊಟ್ಟ ಕಾಣಿಕೆಯಿದು. ಕ್ಯಾನ್ವಾಸಿನ ಮೇಲೆ ಯಂತ್ರದಿಂದ ಅಚ್ಚಾದ ಪ್ರತಿ. ನೀರಿನ ಅಂಚಿನ ಗಿಡ್ಡ ಕಲ್ಲುಗೋಡೆಯ ಮೇಲೆ ಬಿಳಿಯ ಉಡುಪಿನ ತರುಣಿಯೊಬ್ಬಳು ಕೊಡೆ ಬಿಡಿಸಿಕೊಂಡು ಕುಳಿತಿರುವಳು. ಹೊಳೆನರಸೀಪುರದಿಂದ ಬಂದ ಬಾಲಿಕೆಯೊಬ್ಬಳು ಇದನ್ನು ನೋಡಿದೊಡನೆ ತಮ್ಮೂರ ಹೇಮಾವತಿಯೆಂದಳು. ಮರುಕ್ಷಣದಲ್ಲಿಯೇ ಹಡಗಿನ ಕೂವೆಮರಗಳನ್ನು ಕಂಡು ನಾಚಿಕೊಂಡಳು. ಆಕೆ ನಾಚಬೇಕಾದುದೇನೂ ಇರಲಿಲ್ಲ. ನಿಂತ ನೀರಿನಲ್ಲಿ ಆಕಾಶವು ಇಳಿದು ಬರುವ ಬಗೆ ಎಲ್ಲ ದೇಶಗಳಲ್ಲಿಯೂ ಒಂದೇ.

ಈ ನೀರು ಫ್ರಾನ್ಸ್ ದೇಶದ ಪಶ್ಚಿಮತೀರದ ಲೋರಿಯಾಂ ಪಟ್ಟಣದ್ದು. ಸ್ಕೋರ್ಫ್, ಬ್ಲಾವೆ ಎಂಬ ಎರಡು ನದಿಗಳು ಅಲ್ಲಿ ಕಡಲನ್ನು ಸೇರುತ್ತವೆ. ಇಂಡಿಯಾ ಮೊದಲಾದ ಪೂರ್ವದೇಶಗಳೊಡನೆ ವ್ಯಾಪಾರ ಮಾಡಲೆಂದು ಫ್ರೆಂಚರ ಕಂಪೆನಿಯು 1666ರಲ್ಲಿ ಕಟ್ಟತೊಡಗಿದ ರೇವು ಅದು. ಊರಿನ ಹೆಸರಿಗೆ ಪೂರ್ವದಿಕ್ಕೆಂದೇ ಅರ್ಥ. ಚಿತ್ರವನ್ನು 1869ರಲ್ಲಿ ಬರೆದವಳು ಬೆರ್ತ್ ಮೊರಿಸೋ. ಕುಳಿತಿರುವವಳು ಆಕೆಯ ಅಕ್ಕ ಎಡ್ಮಾ.

ಬೆರ್ತಳು 1841ನೆಯ ಇಸವಿ ಜನವರಿ 14ರಂದು ಬೂರ್ಜ್ ಎಂಬ ಊರಿನಲ್ಲಿ ಹುಟ್ಟಿದಳು. ತಂದೆಯು ಸರ್ಕಾರದ ದೊಡ್ಡ ಅಧಿಕಾರಿ. ಕುಟುಂಬವು ಪ್ಯಾರಿಸಿನಲ್ಲಿ ನೆಲೆಸಿದ ಮೇಲೆ, 1857ರಲ್ಲಿ, ತಾಯಿಯು ಹೆಣ್ಣುಮಕ್ಕಳಿಗೆ ಚಿತ್ರಪಾಠವನ್ನು ಹೇಳಿಸಿದಳು. ಸಂಗೀತ, ಕಸೂತಿಗಳಂತೆ ಅದೂ ಒಂದು ಅಲಂಕಾರವಾಗಿರಲೆಂಬುದಷ್ಟೇ ಆಕೆಯ ಎಣಿಕೆ. ಆದರೆ ಗೀಷಾರನೆಂಬ ಗುರುವು ಬೆರ್ತ್, ಎಡ್ಮಾ ಇವರಿಬ್ಬರ ಕೈಯನ್ನು ನೋಡಿ ತಾಯಿಯನ್ನು ಎಚ್ಚರಿಸಿದನು: ಈ ಹುಡುಗಿಯರಿಗೆ ಕಲಿಸಿದರೆ ಇವರು ನಿಜವಾದ ಚಿತ್ರಗಾರ್ತಿಯರೇ ಆಗುವರು, ನಿಮ್ಮಂಥ ಮನೆತನದಲ್ಲಿ ಅದು ಅನಾಹುತಕ್ಕೆ ಸಮಾನವೆಂದು. ತಾಯಿಯು ಹೆದರಲಿಲ್ಲ. ಈ ತಾಯಿಯನ್ನು ನಾವು ಬಹಳವಾಗಿ ಮೆಚ್ಚುತ್ತೇವೆ.

ಸರ್ಕಾರದ ಚಿತ್ರಕಲಾಶಾಲೆಯು ಆಗ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅದರ ಬಾಗಿಲು ಅವರಿಗೆ ತೆರೆದುದು 1897ರಲ್ಲಿ. ಆದ್ದರಿಂದ ಸೋದರಿಯರು ಲೂವ್ರ್ ಅರಮನೆಯ ಸಂಗ್ರಹಶಾಲೆಯಲ್ಲಿ ಹಳೆಯ ಚಿತ್ರಗಳ ಮುಂದೆ ನಿಂತು ನಕಲು ತೆಗೆದು ಕಲಿತರು. ಬಳಿಕ ವೃದ್ಧ ಕೊರೋ ಎಂಬ ಪ್ರಸಿದ್ಧ ಚಿತ್ರಕಾರನ ಬಳಿಯಲ್ಲಿ, ಬಯಲಿನಲ್ಲಿಯೇ ಕುಳಿತು ಬರೆಯುವುದನ್ನು ಅಭ್ಯಾಸಮಾಡಿದರು. 1864ರಲ್ಲಿ ಸಲೋನ್ ಎಂಬ ರಾಜಮಾನ್ಯ ಪ್ರದರ್ಶನದಲ್ಲಿ ಇಬ್ಬರ ಚಿತ್ರಗಳೂ ಸ್ವೀಕೃತವಾದುವು. ಆಗ ಇವರಲ್ಲಿ ಯಾರು ಮುಂದಾಗುವರೆಂದು ಹೇಳುವಂತಿರಲಿಲ್ಲ.

1869ರಲ್ಲಿ ಎಡ್ಮಾಳಿಗೆ ನೌಕಾಪಡೆಯ ಅಧಿಕಾರಿಯೊಬ್ಬನೊಡನೆ ವಿವಾಹವಾಯಿತು. ಆಕೆ ಲೋರಿಯಾಂಗೆ ಹೊರಟುಹೋದಳು. ಹನ್ನೆರಡು ವರುಷ ಹಿಡಿದ ಕುಂಚವು ಕೈಬಿಟ್ಟಿತು. ತಂಗಿಗೆ ಬರೆದ ಕಾಗದಗಳಲ್ಲಿ, ತನ್ನ ಮನಸ್ಸು ಇನ್ನೂ ಆ ಚಿತ್ರಶಾಲೆಯಲ್ಲಿಯೇ ಸುಳಿದಾಡುತ್ತಿದೆಯೆಂದು ತೋಡಿಕೊಂಡಳು. ಆಕೆಯ ಗಂಡನು ಕೆಟ್ಟವನಲ್ಲ, ಯಾರೂ ಆಕೆಯನ್ನು ಗದರಿಸಲಿಲ್ಲ; ಸುಮ್ಮನೆ ನಿಂತುಹೋಯಿತು. ಇದನ್ನು ಓದಿದಾಗ ನಮಗೆ ನಮ್ಮ ದಾಖಲೆಪುಸ್ತಕದ ನೆನಪಾಗದಿರಲಿಲ್ಲ. ಶಾಲೆ ಬಿಟ್ಟ ಕಾರಣವನ್ನು ಬರೆಯುವ ಅಂಕಣದಲ್ಲಿ ಅರಕಲಗೂಡಿನ, ಚನ್ನರಾಯಪಟ್ಟಣದ ಎಷ್ಟೋ ಚುರುಕಾದ ಹುಡುಗಿಯರ ಹೆಸರಿನ ಎದುರಿಗೆ ವಿವಾಹವೆಂಬ ಒಂದೇ ಪದವಿದೆ. ಅವುಗಳಲ್ಲಿ ಕೆಲವನ್ನು ನಮ್ಮ ಕೈಯಿಂದಲೇ ಬರೆದಿದ್ದೇವೆ.

ಅಕ್ಕನನ್ನು ನೋಡಲು ಹೋದಾಗಲೇ ಬೆರ್ತಳು ಈ ಚಿತ್ರವನ್ನು ಬರೆದುದು. ಕೂಲಂಕಷವಾಗಿ ನೋಡಿರಿ: ಎಡ್ಮಾ ಚಿತ್ರದ ನಡುವಿನಲ್ಲಿಲ್ಲ, ಬಲಗಡೆಗೆ ಸರಿದಿದ್ದಾಳೆ, ನಡುವನ್ನೆಲ್ಲ ನೀರೇ ತುಂಬಿದೆ. ಆಕೆಯ ಮುಖವನ್ನು ಎರಡು ಮೂರು ಗೀಟುಗಳಲ್ಲಿ ಮುಗಿಸಿದೆ. ಎದುವಾರ್ ಮಾನೆ ಎಂಬ ಮಹಾಚಿತ್ರಕಾರನು ಇದನ್ನು ಬಹಳ ಮೆಚ್ಚಿದುದರಿಂದ ಬೆರ್ತಳು ಅವನಿಗೇ ಕೊಟ್ಟುಬಿಟ್ಟಳು. ಮೂಲಪಟವು ಈಗ ಅಮೆರಿಕದ ವಾಷಿಂಗ್‌ಟನ್ ನಗರದ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ಸುಮಾರು 73 ಸೆಂಟಿಮೀಟರು ಅಗಲ, 43 ಸೆಂಟಿಮೀಟರು ಎತ್ತರ. ನಮ್ಮ ಪ್ರತಿಯು ಅದಕ್ಕಿಂತ ದೊಡ್ಡದು, ಆದರೆ ಬಡವಾದುದು: ಕುಂಚವು ಬಣ್ಣವನ್ನು ಎಳೆದ ಜಾಡು, ಬಣ್ಣದ ದಪ್ಪ ತೆಳುವು ಅಚ್ಚಿನಲ್ಲಿ ಬರುವುದಿಲ್ಲ. ಹತ್ತು ಅಡಿ ದೂರ ನಿಂತು ನೋಡಿದರೆ ಈ ಕೊರತೆ ಅಷ್ಟಾಗಿ ಕಾಣದು.

1874ರಲ್ಲಿ ಮೋನೆ, ರೆನ್ವಾರ್, ದೆಗಾ ಮೊದಲಾದವರು ಸಲೋನಿಗೆ ಬೆನ್ನುಕೊಟ್ಟು ತಾವೇ ಒಂದು ಪ್ರದರ್ಶನವನ್ನು ಏರ್ಪಡಿಸಿದರು. ಮಾನೆಯು ಬೇಡವೆಂದರೂ ಬೆರ್ತಳು ಅವರೊಡನೆ ಸೇರಿದಳು. ಪತ್ರಿಕೆಗಳು ಹಾಸ್ಯಮಾಡಿದುವು; ಹಳೆಯ ಗುರುವು ಗಾಬರಿಗೊಂಡು ಮತ್ತೊಮ್ಮೆ ತಾಯಿಗೆ ಕಾಗದ ಬರೆದನು. 1886ರವರೆಗೆ ನಡೆದ ಅಂಥ ಎಂಟು ಪ್ರದರ್ಶನಗಳಲ್ಲಿ ಆಕೆ ಏಳರಲ್ಲಿ ಭಾಗವಹಿಸಿದಳು. ತಪ್ಪಿದುದು 1879ರದು ಮಾತ್ರ. ಹಿಂದಿನ ನವೆಂಬರಿನಲ್ಲಿ ಮಗಳು ಜೂಲಿ ಹುಟ್ಟಿದ್ದಳು.

ಹೌದು, ಆಕೆಯೂ ಮದುವೆಯಾದಳು: 1874ರ ಡಿಸೆಂಬರಿನಲ್ಲಿ, ಮಾನೆಯ ತಮ್ಮನಾದ ಯೂಜೆನನೊಡನೆ. ಮದುವೆಯ ತರುವಾಯವೂ ಚಿತ್ರಗಳ ಮೇಲೆ ತವರಿನ ಹೆಸರನ್ನೇ ಬರೆದಳು. ಹೆಂಡತಿಯ ಪಟಗಳನ್ನು ಪ್ರದರ್ಶನಕ್ಕೆ ಒಯ್ದು ಗೋಡೆಗೆ ಹಾಕಿಸುವ ಕೆಲಸಕ್ಕೂ ಯೂಜೆನನು ಹಿಂಜರಿದವನಲ್ಲ. ಸೇನ್ ನದಿಯ ದಡದ ಬೂಜಿವಾಲಿನಲ್ಲಿ ಬೇಸಗೆಗಳನ್ನು ಕಳೆಯುತ್ತ, ತಂದೆ ಮಗಳು ತೋಟದಲ್ಲಿ ಆಡುವುದನ್ನು ಆಕೆ ಚಿತ್ರಿಸಿದಳು. ಅಳಿಯಂದಿರನ್ನು ಆರಿಸುವ ಮಾತಾಪಿತೃಗಳು ಈ ಯೂಜೆನನನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಂಡರೆ ನಮಗೆ ಸಂತೋಷ.

1892ರಲ್ಲಿ ಪತಿಯು ತೀರಿಕೊಂಡನು. 1895ರಲ್ಲಿ, ಜ್ವರದಿಂದ ಮಲಗಿದ್ದ ಜೂಲಿಯ ಶುಶ್ರೂಷೆ ಮಾಡುತ್ತ ತಾನೂ ಕಾಯಿಲೆಬಿದ್ದು, ಮಾರ್ಚಿ 2ರಂದು ಬೆರ್ತಳು ಮರಣಹೊಂದಿದಳು. ವಯಸ್ಸು 54. ಮರಣದ ದಾಖಲೆಯಲ್ಲಿ ಆಕೆಗೆ ಉದ್ಯೋಗವಿಲ್ಲವೆಂದು ಬರೆದರು. ಸಮಾಧಿಯ ಕಲ್ಲಿನ ಮೇಲೆ ಯೂಜೆನ್ ಮಾನೆಯ ವಿಧವೆಯೆಂದಿದೆ, ಚಿತ್ರಗಾರ್ತಿಯೆಂದಿಲ್ಲ. ಮರುವರುಷ ಮೋನೆ, ರೆನ್ವಾರ್, ದೆಗಾ ಮೂವರೂ ತಾವೇ ನಿಂತು ಆಕೆಯ ಮುನ್ನೂರಕ್ಕೂ ಮಿಕ್ಕ ಕೃತಿಗಳನ್ನು ಗೋಡೆಗೆ ಹಾಕಿಸಿದರು.

ಎಡ್ಮಾಳ ಕುಂಚದ ಕೆಲಸವೂ ಸ್ವಲ್ಪ ಉಳಿದಿದೆ. ಮದುವೆಗೆ ಮುನ್ನ ಆಕೆ ಬರೆದ ತಂಗಿಯ ಚಿತ್ರವೊಂದರಲ್ಲಿ ಬೆರ್ತಳು ಕುಂಚವನ್ನು ಹಿಡಿದು, ಸುತ್ತಲಿನದೆಲ್ಲವನ್ನೂ ಮರೆತು ಬರೆಯುತ್ತಿದ್ದಾಳೆ. ಅದರ ಪ್ರತಿಯೊಂದನ್ನೂ ಮಾಡಿಸಿಕೊಡುವುದಾಗಿ ಪೂರ್ವವಿದ್ಯಾರ್ಥಿನಿಯರು ಒಪ್ಪಿದ್ದಾರೆ. ಬಾಗಿಲ ಆಚೆಯ ಪಕ್ಕದಲ್ಲಿ ಅದಕ್ಕೆಂದು ಮೊಳೆಯನ್ನು ಹೊಡೆಸಿಟ್ಟಿದ್ದೇವೆ.